ಎರಡನೇ ಮಹಡಿಯ ಗಾದಿ

ಬೈಲಹೊಂಗಲದಲ್ಲಿ ನಮ್ಮ ಅಂಗಡಿ ಶುರುವಾದ ಮೊದಲ ವಾರ ನನಗೆ ಕೊಟ್ಟ ಕೆಲಸ ಒಂದೇ. ಗಾಜಿನ ಬಾಗಿಲ ಬಳಿ ನಿಂತು, ಬಂದವರಿಗೆಲ್ಲ ಚಪ್ಪಲಿ ಬಿಡಬೇಡಿ ಎಂದು ಹೇಳುವುದು. ಅರಿವೆ ಅಂಗಡಿಗೆ ಬಂದರೆ ಚಪ್ಪಲಿ ಬಿಟ್ಟು ಗಾದಿ ಹತ್ತುವುದು ಈ ಕಡೆಯವರ ರೂಢಿ. ಹಾಗಾಗಿ ಸಂತೆಯ ದಿನ ನಮ್ಮ ಬಾಗಿಲ ಮುಂದೆ ನಲವತ್ತು ಜೊತೆ ಚಪ್ಪಲಿ ಬಿದ್ದಿರುತ್ತಿದ್ದವು, ಒಳಗೆ ನಲವತ್ತು ಜನ ಬರಿಗಾಲಲ್ಲಿ ಟೈಲ್ಸ್ ಮೇಲೆ ಓಡಾಡುತ್ತಿದ್ದರು. ಎಸಿ ಗಾಳಿಗೆ ಟೈಲ್ಸ್ ತಣ್ಣಗಾಗಿ ವಯಸ್ಸಾದವರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಲ್ಲುತ್ತಿದ್ದರು.

“ಚಪ್ಪಲ್ ಹಾಕ್ಕೊಂಡ ಬರ್ರಿ ಅಜ್ಜಾರ,” ಎಂದರೆ, ಯರಗಟ್ಟಿ ಕಡೆಯ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಅಂಗಡಿ ಅಂದ್ರ ಲಕ್ಷ್ಮಿ ಇರೂ ಜಾಗಾ. ಮೆಟ್ಟ ಹಾಕ್ಕೊಂಡ ಬರಬೇಕಂತ ಯಾವ ಸಾಲ್ಯಾಗ ಕಲಿಸ್ಯಾರವ್ವಾ ನಿನಗ?”

“ಡಿಗ್ರಿ ಕಾಲೇಜಿನ್ಯಾಗ್ರಿ,” ಎಂದೆ.

ಡಿಗ್ರಿ ವಿಷಯ ಎತ್ತುವುದು ನನ್ನ ಚಟ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಸಂಪಗಾಂವದ ಹತ್ತಿರದ ನಮ್ಮ ಹಳ್ಳಿಯಿಂದ ಮೂರು ವರ್ಷ ಬಸ್ಸಿನಲ್ಲಿ ಬಂದು ಬಿ.ಕಾಂ. ಓದಿದೆ. ಬೆಳಗಿನ ಬಸ್ಸು ತಪ್ಪಿದರೆ ಸಂಪಗಾಂವದವರೆಗೆ ನಡಿಗೆ. ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವನ ಜೊತೆ ಹೊಲದಲ್ಲಿ ಒಂದು ಸಾಲು ಮುಗಿಸಿ, ಕೈಕಾಲು ತೊಳೆದು, ಮಧ್ಯಾಹ್ನದ ಕ್ಲಾಸಿಗೆ ಹೋಗಿದ್ದೇನೆ. ಅಕೌಂಟೆನ್ಸಿಯಲ್ಲಿ ಒಮ್ಮೆ ನಪಾಸಾದೆ. ಮತ್ತೆ ಕಟ್ಟಿ ಪಾಸಾದೆ. ಅದನ್ನೂ ಹೇಳುತ್ತೇನೆ, ಯಾಕೆಂದರೆ ಎರಡನೇ ಸಲ ಬರೆಯಲು ಅವ್ವನೇ ಕಳಿಸಿದ್ದು. “ಒಂದ ಸಲ ಬಿತ್ತಿದ್ದು ನಾಟಲಿಲ್ಲಂದ್ರ ಹೊಲಾ ಬಿಟ್ಟ ಬರ್ತಾರೇನ?” ಎಂದಿದ್ದಳು.

ನಮ್ಮದು ಮೂರು ಮಹಡಿಯ ಅಂಗಡಿ. ಕೆಳಗೆ ಸ್ಟೀಲಿನ ಭಾಂಡೆ, ಬ್ಯಾಗು, ಆಟಿಕೆ. ಮೊದಲನೇ ಮಹಡಿಯಲ್ಲಿ ಗಂಡಸರ ಮತ್ತು ಮಕ್ಕಳ ಉಡುಪು. ಎರಡನೇ ಮಹಡಿ ಪೂರ್ತಿ ಸೀರೆ. ಊರಿನವರು ಇದನ್ನು ಮಾಲ್ ಎನ್ನುತ್ತಾರೆ. ಬೆಳಗಾವಿಗೆ ಹೋಗಿ ಬಂದ ಹುಡುಗರು ಇದೂ ಒಂದು ಮಾಲೇ ಎಂದು ನಗುತ್ತಾರೆ, ನಕ್ಕು ಲಿಫ್ಟಿನಲ್ಲಿ ಎರಡು ಸಲ ಮೇಲೆ ಕೆಳಗೆ ಹೋಗಿ ಬರುತ್ತಾರೆ. ಬಾಗಿಲ ಕೆಲಸದಿಂದ ನಾನು ಬಿಲ್ಲಿಂಗಿಗೆ ಹೋದೆ, ಎರಡು ವರ್ಷಕ್ಕೆ ಸೀರೆ ಮಹಡಿಯ ಇನ್‌ಚಾರ್ಜ್ ಆದೆ. ಹನ್ನೊಂದು ಹುಡುಗಿಯರು ನನ್ನ ಕೈಕೆಳಗೆ. ಮದುವೆಯ ಸೀಸನ್ನಿಗೆ ಯಾವ ಬಣ್ಣದ, ಯಾವ ದಡಿಯ ಸೀರೆ ಎಷ್ಟು ತರಿಸಬೇಕು ಎಂಬ ಪಟ್ಟಿ ಬರೆಯುವವಳು ನಾನೇ. ಹುಬ್ಬಳ್ಳಿಯಿಂದ ಬಂದ ಮ್ಯಾನೇಜರ್ ಅದಕ್ಕೆ ಸಹಿ ಹಾಕುತ್ತಾರೆ.

ನಾನು ಮಹಡಿ ವಹಿಸಿಕೊಂಡ ಮೊದಲನೇ ಸೀಸನ್ನಿನಲ್ಲಿ ಒಂದು ತೊಂದರೆ ಕಂಡಿತು. ಬಿಡಿ ಸೀರೆ ಚೆನ್ನಾಗಿ ಹೋಗುತ್ತಿದ್ದವು, ಬಸ್ತಾ ಮಾತ್ರ ನಿಲ್ಲುತ್ತಿರಲಿಲ್ಲ. ಬಸ್ತಾ ಎಂದರೆ ಮದುವೆಯ ಜವಳಿ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಸೇರಿ ಇಪ್ಪತ್ತು ಮೂವತ್ತು ಜನ ಒಂದು ಟೆಂಪೋ ಮಾಡಿಕೊಂಡು ಬರುತ್ತಾರೆ. ಮದುಮಗಳ ಸೀರೆಯಿಂದ ಹಿಡಿದು ದೂರದ ಅತ್ತೆಗೆ ಆಹೇರಿ ಎಂದು ಉಡುಗೊರೆ ಕೊಡುವ ಸೀರೆಯವರೆಗೆ ಒಂದೇ ದಿನ, ಒಂದೇ ಅಂಗಡಿಯಲ್ಲಿ ಆಗಬೇಕು. ಅದಕ್ಕೆ ಗಾದಿ ಬೇಕು, ಒರಗಲು ಲೋಡು ಬೇಕು, ನಡುನಡುವೆ ಚಹಾ ಬೇಕು. ಜಗಳವಾಡಲು ಜಾಗ ಬೇಕು. ಒಬ್ಬರು ಸಿಟ್ಟಾಗಿ ಎದ್ದು ಹೋಗಿ ಬಸ್‌ಸ್ಟ್ಯಾಂಡ್ ನೋಡಿ ಮರಳಿ ಬಂದರೆ ಅವರು ಕುಂತಿದ್ದ ಜಾಗ ಅವರಿಗೇ ಉಳಿದಿರಬೇಕು. ನಮ್ಮಲ್ಲಿ ಇದ್ದದ್ದು ಹ್ಯಾಂಗರು ಮತ್ತು ಕನ್ನಡಿ.

ಕಿತ್ತೂರಿನಿಂದ ಬಂದ ಒಂದು ಬಸ್ತಾದ ಮಂದಿ ಅರ್ಧ ಗಂಟೆ ರ್‍ಯಾಕುಗಳ ಸಾಲಿನಲ್ಲಿ ಸುಮ್ಮನೆ ನಿಂತರು. ಕೊನೆಗೆ ಒಬ್ಬ ಹಿರಿಯಾಕೆ ನನ್ನನ್ನು ಕರೆದು, “ತಂಗಿ, ಇಲ್ಲಿ ಸೀರಿ ಎಲ್ಲಾ ನಿಂತಾವ, ನಾವೂ ನಿಂತೇವಿ. ಯಾರರ ಒಬ್ಬರು ಕುಂದರಬೇಕಲ್ಲಾ?” ಎಂದಳು. ಒಂದು ಕರವಸ್ತ್ರವನ್ನೂ ಕೊಳ್ಳದೆ ಎದುರಿನ ಓಣಿಯ ಹಳೇ ಅಂಗಡಿಗೆ ಹೋದರು.

ಮ್ಯಾನೇಜರು ಕುರ್ಚಿ ತರಿಸೋಣ ಎಂದರು.

“ಕುರ್ಚಿ ಮ್ಯಾಲ ಕುಂತ ಬಸ್ತಾ ಹಾಕೂದಿಲ್ರಿ ಸರ್,” ಎಂದೆ. “ಗಾದಿ ಹಾಸಬೇಕು. ಅದರ ಮ್ಯಾಲ ಬಿಳಿ ಅರಿವಿ. ನಡುವ ಸೀರಿ ಒಗದ ಬಿಚ್ಚಾಕ ಒಬ್ಬ ಕಸಬಿನ ಮನಶ್ಯಾ.”

“ನಮ್ಮದ ಮಾಲ್ ಅಲ್ರೀ ಮ್ಯಾಡಂ?”

“ಮದುವಿ ಮಂದೀಗೆ ಅದನ್ನ ಯಾರ ಹೇಳವ್ರ್ರಿ?”

ಅವರು ನಕ್ಕು ಒಪ್ಪಿದರು. ಎರಡನೇ ಮಹಡಿಯ ಕಿಟಕಿಯ ಕಡೆಯ ಜಾಗ ಖಾಲಿ ಮಾಡಿಸಿ, ಇಪ್ಪತ್ತೈದು ಜನ ಕೂರುವಷ್ಟು ಗಾದಿ ಹಾಸಿಸಿದೆ. ಸೀರೆ ಬಿಚ್ಚಿ ತೋರಿಸಲು ಊರಿನ ಒಂದು ಹಳೇ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು ಬಿಟ್ಟಿದ್ದ ಹಿರಿಯರೊಬ್ಬರನ್ನು ಕರೆಸಿದರು. ಆ ಅಂಗಡಿ ಈಗ ಮುಚ್ಚಿದೆ. ಮಹಡಿಯ ಹುಡುಗಿಯರೆಲ್ಲ ಅವರಿಗೆ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ಸೀರೆಯ ಮಡಿಕೆಯನ್ನು ಒಮ್ಮೆ ಝಾಡಿಸಿದರೆ ಸೆರಗು ಹೋಗಿ ಗಿರಾಕಿಯ ಮೊಣಕಾಲಿನ ಮೇಲೆಯೇ ಬೀಳುತ್ತಿತ್ತು. ಅಂಥ ಕೈ.

ನನ್ನ ಗಂಡನ ಮನೆಯೂ ನಮ್ಮ ಓಣಿಯಲ್ಲೇ. ಗಾದಿ ಹಾಸಿದ ದಿನ ಅವ್ವನ ಮನೆಗೆ ಹೋಗಿ ಹೇಳಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

“ಗಾದಿ ಹಾಸ್ಸಿದಿ?” ಎಂದಳು. “ಚೊಲೋ ಆತು.” ಅಷ್ಟೇ ಹೇಳಿ ರೊಟ್ಟಿಯ ಹಿಟ್ಟು ನಾದತೊಡಗಿದಳು.

ಆಗ ನನಗೆ ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ, ಮರೆತೇ ಇರಲಿಲ್ಲ. ಆರೇಳು ವರ್ಷದವಳಿದ್ದಾಗ ಅವ್ವನ ಜೊತೆ ಬೈಲಹೊಂಗಲದ ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ದೊಡ್ಡ ಗಾದಿ, ಅದರ ಮೇಲೆ ಜನ. ನಾವು ಹೊರಗಿನ ಕಲ್ಲಿನ ಮೆಟ್ಟಿಲಿನ ಮೇಲೆ ನಿಂತಿದ್ದೆವು. ಅವ್ವ ಒಳಗಿನ ಸೀರೆಗಳತ್ತ ಬೆರಳು ತೋರಿಸಿ ಹಸಿರು ಎಂದಳು. ಒಂದು ಹಸಿರು ಸೀರೆ ಮಡಿಕೆಯ ಸಮೇತ ಹಾರಿ ಬಂದು ಮೆಟ್ಟಿಲಿನ ಮೇಲೆ ಬಿತ್ತು. ಅವ್ವ ಅದನ್ನು ಬಿಚ್ಚಿ ನೋಡಲು ಹೋದಾಗ ಒಳಗಿನಿಂದ, “ಬಿಚ್ಚಬ್ಯಾಡ. ಮುಟ್ಟಿದ್ರ ಒಯ್ಯಬೇಕು,” ಎಂದರು. ಅವ್ವ ಒಯ್ದಳು. ಮನೆಗೆ ಬಂದು ಬಿಚ್ಚಿದರೆ ಸೆರಗಿನಲ್ಲಿ ಒಂದು ಗೇಣು ನೂಲು ಎಳೆದಿತ್ತು. ಆ ಸೀರೆಯನ್ನು ನಾಲ್ಕು ವರ್ಷ ಉಟ್ಟಳು, ಎಳೆದ ಜಾಗ ಒಳಗೆ ಹೋಗುವಂತೆ ಸೆರಗನ್ನು ಮಡಿಚಿ ಹೊದೆಯುತ್ತಿದ್ದಳು.

ನಾವು ಯಾವ ಕೇರಿಯವರು ಎಂದು ಇಷ್ಟರಲ್ಲಿ ಓದುವವರಿಗೆ ತಿಳಿದಿರುತ್ತದೆ. ನನ್ನ ಅಜ್ಜನ ಕಾಲದಲ್ಲೇ ನಮ್ಮ ಮನೆಯವರು ಬೌದ್ಧರಾದರು. ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಮದುವೆ ಪಂಚಶೀಲ ಹೇಳಿ ಆಗುತ್ತದೆ. ಮದುಮಗಳು ಬಿಳಿ ಸೀರೆ ಉಡುತ್ತಾಳೆ.

ಈ ಬಿಳಿ ಸೀರೆಯೇ ಮುಂದೆ ತೊಡಕಿನ ಪ್ರಶ್ನೆಯಾಗಿ ಬಂತು. ಎರಡನೇ ಸೀಸನ್ನಿಗೆ ಮೊದಲು ನನ್ನ ತಮ್ಮನ ಮದುವೆ ಗೊತ್ತಾಯಿತು. ಅವನು ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ಹುಡುಗಿ ಕಟಕೋಳದವಳು, ಹೊಲಿಗೆ ಬಲ್ಲವಳು. ಮದುಮಗಳ ಸೀರೆ ಗಂಡಿನ ಕಡೆಯವರೇ ತರಬೇಕು. ನನಗೆ ಬೇಕಾಗಿದ್ದು ಒಂದೇ: ನಮ್ಮವ್ವ ನಾನು ಹಾಸಿಸಿದ ಗಾದಿಯ ಮೇಲೆ ಕುಂತು, ಸೀರೆಗಳನ್ನು ಬಿಚ್ಚಿಸಿ, ಸೆರಗು ನೋಡಿ, ಬೇಕಾದ್ದನ್ನು ಆರಿಸಬೇಕು.

“ಬಸ್ತಾ ನಮ್ಮ ಅಂಗಡ್ಯಾಗ ಹಾಕೂಣು ಬೇ,” ಎಂದೆ.

“ಬ್ಯಾಡ. ಬೆಳಗಾವಿಗಿ ಹೋಗೂಣು. ನಿನ್ನ ಮದುವಿಗಿ ಅಲ್ಲೇ ತಂದಿದ್ವೆಲ್ಲಾ.”

“ನನ್ನ ಮದುವಿಗಿ ಅಲ್ಲಿ ಎಂಟ ಅಂಗಡಿ ತಿರುಗಿದ್ವಿ. ನಿನ್ನ ಕಾಲ ಬಾತಿದ್ದು ನೆನಪೈತಿಲ್ಲ?”

“ಬಾತ್ರ ಬಾತಾವು ಬಿಡು. ಬೆಳಗಾವ್ಯಾಗ ಕಾಲ ಬಾತ್ರ ಯಾರೂ ಗುರುತಿಲ್ಲ. ಬೈಲಹೊಂಗಲದಾಗ ಮದುವಿಗಿ ಬಿಳಿ ಸೀರಿ ಕೇಳಿದ್ರ ಯಾರಂತ ಗೊತ್ತಾಗತೈತಿ. ನೀ ಅಲ್ಲಿ ಕುರ್ಚಿ ಮ್ಯಾಲ ಕುಂತಾಕಿ. ನನ್ನಿಂದ ಯಾಕ ನಿನಗ ತ್ರಾಸ?”

ನನಗೆ ಸಿಟ್ಟು ಬಂತು. ಎಂಥಾ ಮಾತು ಇದು, ನಾನು ಡಿಗ್ರಿ ಓದಿದ್ದು ಯಾತಕ್ಕೆ, ಇನ್‌ಚಾರ್ಜ್ ಆಗಿದ್ದು ಯಾತಕ್ಕೆ ಎಂದು ದೊಡ್ಡ ಭಾಷಣ ಮಾಡಿದೆ. ಅವ್ವ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ನಿನ್ನ ಅಂಗಡ್ಯಾಗ ಬಿಳಿ ಸೀರಿ ಅದಾವೇನ?”

ಇರಲಿಲ್ಲ. ಪಟ್ಟಿ ಬರೆಯುವವಳು ನಾನು. ಹಿಂದಿನ ಸೀಸನ್ನಿನಲ್ಲಿ ಕೆಂಪು, ಹಸಿರು, ಅರಿಷಿಣ, ನವಿಲುಬಣ್ಣ, ನೇರಳೆ, ಈರುಳ್ಳಿ ಸಿಪ್ಪೆಯ ಬಣ್ಣ ಎಲ್ಲ ಬರೆದಿದ್ದೆ. ಬಿಳಿಯ ಮುಂದೆ ಪೆನ್ನು ಬಂದಾಗ ಮುಂದಿನ ಸಾಲಿಗೆ ಹೋಗಿದ್ದೆ. ಮರೆತು ಅಲ್ಲ. ಬರೆದರೆ ಮ್ಯಾನೇಜರು ಯಾರಿಗೆ ಎಂದು ಕೇಳುತ್ತಾರೆ ಎಂಬುದು ಗೊತ್ತಿತ್ತು.

ಅಂಗಡಿ ಸೇರಿದ ಹೊಸತರಲ್ಲಿ ಊಟದ ಹೊತ್ತಿಗೆ ಒಬ್ಬ ಹುಡುಗಿ ಕೇಳಿದ್ದಳು, “ಅಕ್ಕಾರ, ನಿಮ್ದು ಯಾವ ಮಂದಿ?”

“ಸಾಲಿ ಕಲ್ತ ಮಂದಿ,” ಎಂದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳ್ಳೆಯ ಉತ್ತರ ಕೊಟ್ಟೆನೆಂದು ಬಹಳ ದಿನ ಖುಷಿಯಾಗಿದ್ದೆ. ಅದು ಒಳ್ಳೆಯ ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ. ಡಿಗ್ರಿಯ ಮಾತನ್ನು ಕಂಡಕಂಡವರಿಗೆ ಹೇಳುವ ನಾನು, ಆ ಡಿಗ್ರಿ ಯಾರ ಮನೆಗೆ ಬಂತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅವ್ವ ಮೆಟ್ಟಿಲಿನ ಮೇಲೆ ನಿಂತಿದ್ದು ಅವಳ ತಪ್ಪಲ್ಲ. ಪಟ್ಟಿಯಲ್ಲಿ ಬಿಳಿ ಬಿಟ್ಟದ್ದು ನನ್ನ ತಪ್ಪು.

ಮರುವಾರ ಸೀಸನ್ನಿನ ಪಟ್ಟಿ ಬರೆಯುವಾಗ ಮೊದಲನೇ ಸಾಲಿನಲ್ಲೇ ಬರೆದೆ: ಬಿಳಿ, ಜರಿ ದಡಿ ಮತ್ತು ಬಣ್ಣದ ದಡಿ, ಹನ್ನೆರಡು.

ಮ್ಯಾನೇಜರು ಪಟ್ಟಿ ಓದಿ ಕನ್ನಡಕ ತೆಗೆದರು. “ಬಿಳೇವು ಹನ್ನೆರಡು ಯಾಕ್ರಿ? ವಯಸ್ಸಾದವ್ರಿಗೇನು?”

“ಅಲ್ರಿ ಸರ್. ಮದುಮಗಳಿಗೆ.”

“ಬಿಳಿ ಉಟ್ಟ ಮದುವಿ ಆಗತಾರ?”

“ನಮ್ಮೊಳಗ ಆಗತಾರ್ರಿ. ನಾವು ಬೌದ್ಧರು. ನಮ್ಮ ತಮ್ಮನ ಮದುವಿ ಐತಿ. ಸವದತ್ತಿ, ರಾಮದುರ್ಗ, ಕಿತ್ತೂರು, ಎಲ್ಲಾ ಕಡೆ ನಮ್ಮ ಮಂದಿ ಅದಾರ. ಬಿಳಿ ಸೀರಿಗೆ ಎಲ್ಲಾರೂ ಬೆಳಗಾವಿಗಿ ಹೋಗತಾರ.”

ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮತ್ತೆ ನೋಡಿದರು.

“ಹೋಗತಾರಂದ್ರ ನಮ್ಮ ಗಿರಾಕಿ ಹೊರಗ ಹೊಂಟಾರಂತಾತಲ್ರಿ. ಇದನ್ನ ಹೋದ ವರ್ಷ ಯಾಕ ಹೇಳಲಿಲ್ಲ?”

ನಾನು ಪೆನ್ನು ತೆಗೆದು ಅವರ ಮುಂದೆ ಇಟ್ಟೆ.

“ತರಸ್ರಿ. ಆದ್ರ ಸೀಸನ್ ಮುಗಿದ ಮ್ಯಾಲೂ ಹ್ಯಾಂಗರಿಗೇ ಇದ್ರ, ಮುಂದಿನ ಪಟ್ಟಿ ನಾ ಬರಿತೇನಿ,” ಎಂದು ಸಹಿ ಹಾಕಿದರು.

ನಾನು ಅಂದುಕೊಂಡಷ್ಟು ದೊಡ್ಡದೇನೂ ಆಗಲಿಲ್ಲ. ಸಣ್ಣದು ಆಯಿತು. ಸುದ್ದಿ ಮಹಡಿಯಲ್ಲಿ ಹರಡಿ, ಊಟದ ಕೋಣೆಯಲ್ಲಿ ಮರುದಿನ ಇಬ್ಬರು ಹುಡುಗಿಯರು ನನ್ನನ್ನು ಬಿಟ್ಟು ಡಬ್ಬಿ ಹಿಡಿದು ಕಿಟಕಿಯ ಕಡೆ ಹೋಗಿ ಕುಂತರು. ನಾಲ್ಕನೇ ದಿನ ಅವರಲ್ಲಿ ಒಬ್ಬಳು ನಮ್ಮ ಕಡೆ ಮರಳಿ ಬಂದಳು. “ಆಕಿ ಒಬ್ಬಾಕೀನ ಜೋಡಿ ಉಂಡ್ರ ಬರೇ ತನ್ನ ಗಂಡನ ಸುದ್ದಿ ಹೇಳತಾಳ್ರಿ ಅಕ್ಕಾರ, ಉಂಡದ್ದು ಹತ್ತೂದಿಲ್ಲ,” ಎಂದಳು. ಇನ್ನೊಬ್ಬಳು ಇವತ್ತಿಗೂ ಕಿಟಕಿಯ ಕಡೆಯೇ ಕೂರುತ್ತಾಳೆ. ಕೂರಲಿ. ಕೆಲಸ ಚೆನ್ನಾಗಿ ಮಾಡುತ್ತಾಳೆ, ಅದನ್ನು ನಾನು ಬರೆದೂ ಕೊಟ್ಟಿದ್ದೇನೆ.

ಸೀರೆ ಬಂದ ದಿನ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಯಾರ ಹೆಸರ ಹೇಳಿ ತರಿಸಿದಿ?”

“ನಮ್ಮ ಹೆಸರ.”

ಬಡಿಯುವ ಕೈ ನಿಂತಿತು. “ಸಾಹೇಬ್ರ ಮುಂದ ಹೇಳಿದಿ?”

“ಹೇಳಿದ್ನಿ.”

“ಏನಂದ್ರು?”

“ಹೋದ ವರ್ಷ ಯಾಕ ಹೇಳಲಿಲ್ಲಂದ್ರು.”

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಹಚ್ಚಿ, ತಿರುವಿದಳು. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಹಿಂದಿನಿಂದ ಕೇಳಿದಳು, “ನಿಮ್ಮ ಅಂಗಡ್ಯಾಗ ಗದ್ದಲಾ ಯಾವ ದಿನಾ ಇರೂದಿಲ್ಲ?”

ಗದ್ದಲ ಇಲ್ಲದ ದಿನವೇ ಬಂದರು. ನಮ್ಮ ಕಡೆಯಿಂದ ಒಂಬತ್ತು, ಕಟಕೋಳದಿಂದ ಹನ್ನೊಂದು ಜನ. ನಾನು ಮೇಲಿನಿಂದ ಕಿಟಕಿಯಲ್ಲಿ ನೋಡಿದೆ. ಅವ್ವ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಅವನ್ನು ಗೋಡೆಯ ಕಡೆ ಒತ್ತಟ್ಟಿಗೆ ಸರಿಸಿ ಇಟ್ಟಳು. ಉಳಿದ ಹತ್ತೊಂಬತ್ತು ಜನವೂ ಬಿಟ್ಟರು. ಬಾಗಿಲ ಹುಡುಗಿ ಹೇಳಿ ಹೇಳಿ ಸೋತಳು. ಮೊದಲ ವಾರದ ನನ್ನ ಕೆಲಸ ನೆನಪಾಗಿ ನಗು ಬಂತು.

ಲಿಫ್ಟಿನಿಂದ ಎಲ್ಲರೂ ಹೊರಗೆ ಬಂದರು. ಮದುಮಗಳ ಅಜ್ಜಿ ಎಲ್ಲರಿಗಿಂತ ಮುಂದೆ. ಎಂಬತ್ತು ದಾಟಿದ ಹೆಂಗಸು, ಕೈಯಲ್ಲಿ ಎಲೆಅಡಿಕೆಯ ಚೀಲ. ನೇರ ಹೋಗಿ ಗಾದಿಯ ನಡುವೆ ಕುಂತು, ಲೋಡನ್ನು ಎಳೆದು ಬೆನ್ನಿಗೆ ಇಟ್ಟುಕೊಂಡಳು. ಉಳಿದವರೂ ಸುತ್ತ ಕುಂತರು. ಅವ್ವ ಮಾತ್ರ ಗಾದಿಯ ಅಂಚಿನ ಹೊರಗೆ, ಕಂಬದ ಹತ್ತಿರ ನಿಂತಿದ್ದಳು. ಬಿಳಿ ಅರಿವೆಯಿಂದ ಅವಳ ಕಾಲಬೆರಳು ನಾಲ್ಕು ಬೆರಳಿನಷ್ಟು ದೂರ.

“ಬರ್ರಿ ಅವ್ವಾರ, ಮ್ಯಾಲ ಬರ್ರಿ,” ಎಂದರು ಕಾಕಾ.

“ಇರಲ್ರಿ. ಇಲ್ಲಿಂದ ಕಾಣಸ್ತೈತಿ.”

“ಅಲ್ಲೇ ನಿಂತ್ರ ದಡಿ ಕಾಣಸ್ತೈತ್ರಿ, ನೂಲ ಕಾಣಸೂದಿಲ್ಲ.”

ಅವ್ವ ಅಲುಗಲಿಲ್ಲ. ನಾನು ಹೋಗಿ ಕೈ ಹಿಡಿದು ಕರೆತರಬಹುದಿತ್ತು. ಹೋಗಲಿಲ್ಲ. ಕೈ ಹಿಡಿದು ಕೂರಿಸಿದರೆ ಅದು ನಾನು ಕೂರಿಸಿದಂತೆ. ಹುಡುಗಿಯರೆಲ್ಲ ನೋಡುತ್ತಿದ್ದರು, ಕಿಟಕಿಯ ಕಡೆ ಕುಂತು ಉಣ್ಣುವವಳೂ ನೋಡುತ್ತಿದ್ದಳು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದಳು, “ಬಾ ಬೇ ತಂಗಿ. ನನ್ನ ಮೊಮ್ಮಗಳ ಸೀರಿ ನೀ ಆರಿಸ್ಬೇಕು. ನೀ ನಿಂತ ಆರಿಸಿದ್ರ ಆಕಿ ನಿಮ್ಮ ಮನ್ಯಾಗ ಜೀವನಾ ಪೂರ್ತಿ ನಿಂತ ಇರಬೇಕಾಗತೈತಿ.”

ಅವ್ವ ಒಂದು ಸಲ ನನ್ನತ್ತ ನೋಡಿದಳು. ಸೀರೆಯ ನಿರಿಗೆ ಎತ್ತಿ, ಹೊಲದ ಬದು ದಾಟುವಂತೆ ಒಂದು ಹೆಜ್ಜೆ ಇಟ್ಟು, ಗಾದಿಯ ಮೇಲೆ ಬಂದು ಕುಂತಳು. ಅಂಚಿನಲ್ಲಿ ಅಲ್ಲ. ಅಜ್ಜಿಯ ಪಕ್ಕದಲ್ಲಿ, ನಡುವೆ.

ನಮ್ಮ ಅಂಗಡಿಯಲ್ಲಿ ಬಸ್ತಾ ಶುರುವಾಗುವಾಗ ಅರಿಷಿಣ ಕುಂಕುಮದ ತಟ್ಟೆ ತರುವ ಪದ್ಧತಿ. ಮೊದಲನೇ ಸೀರೆಯ ತುದಿಗೆ ಹಚ್ಚುತ್ತಾರೆ. ಒಬ್ಬ ಹುಡುಗಿ ರೂಢಿಯಂತೆ ತಟ್ಟೆ ತಂದು ಅವ್ವನ ಮುಂದೆ ಹಿಡಿದಳು.

“ನಮ್ಮದರಾಗ ಇಲ್ಲವ್ವಾ,” ಎಂದಳು ಅವ್ವ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ತಟ್ಟೆ ಒಳಗೆ ಹೋಯಿತು. ಅದರ ಬದಲು ಚಹಾ ಬಂತು.

ಕಾಕಾ ಮೊದಲನೇ ಬಿಳಿ ಸೀರೆ ಝಾಡಿಸಿದರು. ಜರಿಯ ದಡಿ. ಸೆರಗು ಅವ್ವನ ಮೊಣಕಾಲಿನ ಮೇಲೆ ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಕಾಕಾನ ಮುಖವನ್ನೇ ನೋಡುತ್ತಿದ್ದಳು.

“ನೀವು ಮೊದಲ ಆ ಕಲ್ಲಮೆಟ್ಟಲದ ಅಂಗಡ್ಯಾಗ ಇದ್ರಲ್ರಿ?”

“ಹೌದ್ರಿ ಅವ್ವಾರ,” ಕಾಕಾನ ಮುಖ ಅರಳಿತು. “ಮೂವತ್ತ ವರ್ಷ ಅಲ್ಲೇ ಇದ್ನಿ. ನೀವು ಬರ್ತಿದ್ರೇನು?”

“ಬರ್ತಿದ್ನಿ. ಮೆಟ್ಟಲತನಾ.”

ಕಾಕಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಕೈಯಲ್ಲಿದ್ದ ಇನ್ನೊಂದು ಸೀರೆಯನ್ನು ಝಾಡಿಸದೆ ಹಾಗೇ ಕೆಳಗಿಟ್ಟರು.

“ಅವಾಗ ಹಂಗ ಇತ್ತರಿ,” ಎಂದರು.

“ಹಂಗ ಇರಲಿಲ್ರಿ,” ಎಂದಳು ಅವ್ವ. “ಹಂಗ ಇಟ್ಟಿದ್ರಿ.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಹತ್ತಿಯಲ್ಲಿ ಕಸ ಇದೆ ಎಂದು ಹೇಳುವಂತೆ ಹೇಳಿದಳು. ಅಜ್ಜಿ ಅಡಿಕೆ ಅಗಿಯುತ್ತಿದ್ದಳು. ಕಾಕಾ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು. ಆ ಹಸಿರು ಸೀರೆ ಎಸೆದ ಕೈ ಅದೇ ಇರಬಹುದು, ಬೇರೆಯವರದೂ ಇರಬಹುದು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

“ಹೌದ್ರಿ,” ಎಂದರು ಕೊನೆಗೆ. “ಇಟ್ಟಿದ್ವಿ.”

ಅವ್ವ ಮೊಣಕಾಲಿನ ಮೇಲಿದ್ದ ಸೆರಗನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದಳು. ಹೆಬ್ಬೆರಳು ತೋರುಬೆರಳಿನ ನಡುವೆ ನೂಲನ್ನು ತಿಕ್ಕಿ ನೋಡಿದಳು.

“ಇದರಾಗ ಹತ್ತಿ ಕಡಿಮಿ ಐತಿ. ಬ್ಯಾರೇದು ತಗೀರಿ.”

ಆಮೇಲೆ ಶುರುವಾಯಿತು. ಹನ್ನೆರಡು ಬಿಳಿ ಸೀರೆಗಳನ್ನೂ ಒಂದೊಂದಾಗಿ ಬಿಚ್ಚಿಸಿದಳು. ಪ್ರತಿಯೊಂದರ ಸೆರಗನ್ನು ಪೂರ್ತಿ ಹರವಿಸಿ, ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ ನೋಡಿದಳು. ಎಲ್ಲಾದರೂ ನೂಲು ಎಳೆದಿದೆಯೇ ಎಂದು ಹುಡುಕುತ್ತಿದ್ದಾಳೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಆರನೆಯದರಲ್ಲಿ ಒಂದು ಕಡೆ ಎಳೆದಿತ್ತು. ಕಡಲೆಕಾಳಿನಷ್ಟು. ಸೀರೆ ಕಳಿಸಿದವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

“ಇದನ್ನ ತಗದ ಇಡವ್ವಾ,” ಎಂದು ನನಗೆ ಹೇಳಿದಳು, ಯಾವುದೋ ಅಂಗಡಿಯ ಹುಡುಗಿಗೆ ಹೇಳುವಂತೆ. “ಯಾರರ ನೋಡದ ಒಯ್ದಾರು.”

ತೆಗೆದಿಟ್ಟೆ.

“ನಿಮ್ಮ ಕಣ್ಣ ಅಗದಿ ಚೊಕ್ಕ ಅದಾವ್ರಿ ಅವ್ವಾರ,” ಎಂದರು ಕಾಕಾ.

“ಕಣ್ಣ ಅಲ್ರಿ, ಕೈ. ನಲವತ್ತ ವರ್ಷ ಹತ್ತಿ ಬಿಡಿಸೇನಿ. ನಿಮ್ಮ ಸೀರಿ ನಮ್ಮ ಕೈಯಾಗಿಂದ ಹೋಗೇ ಸೀರಿ ಆಗ್ಯಾವ.”

ಅಜ್ಜಿ ನಕ್ಕಳು, ಎಲ್ಲರೂ ನಕ್ಕರು, ಕಾಕಾನೂ ನಕ್ಕರು. ಅಲ್ಲಿಂದ ಅದು ಎಲ್ಲರ ಬಸ್ತಾದಂತೆ ಆಯಿತು. ತಮ್ಮನ ಅತ್ತೆ ಜರಿಯ ದಡಿ ಬೇಕೆಂದಳು, ನನ್ನ ಚಿಕ್ಕಮ್ಮ ಜರಿ ಚುಚ್ಚುತ್ತದೆ ಎಂದಳು. ಒಬ್ಬ ಮಾಮ ಸಿಟ್ಟಾಗಿ ಕೆಳಗೆ ಹೋಗಿ ಭಾಂಡೆ ನೋಡಿ ಬಂದ. ಅವನ ಜಾಗ ಹಾಗೇ ಉಳಿದಿತ್ತು. ಮದುಮಗಳನ್ನು ಯಾರೂ ಕೇಳಿರಲಿಲ್ಲ. ಅವ್ವನೇ ಕೇಳಿದಳು, “ನೀ ಹೇಳವ್ವಾ, ಉಡಾಕಿ ನೀ.” ಹುಡುಗಿ ಸುತ್ತ ನೋಡಿ, ಸಣ್ಣ ನೀಲಿ ದಡಿ ಇದ್ದ ಒಂಬತ್ತನೆಯ ಸೀರೆಯ ಮೇಲೆ ಕೈಯಿಟ್ಟಳು. ಅವ್ವ ಅದರ ಸೆರಗನ್ನು ಎರಡನೇ ಸಲ ನೋಡಿ ತಲೆಯಾಡಿಸಿದಳು.

ಮ್ಯಾನೇಜರು ಮಹಡಿಯ ಮೇಲೆ ಬಂದವರು ಗಾದಿಯತ್ತ ನೋಡಿ, “ಯಾವ ಊರಿನ ಪಾರ್ಟಿರಿ ಮ್ಯಾಡಂ?” ಎಂದರು.

“ನಮ್ಮದರಿ ಸರ್. ನಡುವ ಕುಂತಾಕಿ ನಮ್ಮವ್ವ,” ಎಂದೆ. ಹುಡುಗಿಯರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಅವರು ಹೋಗಿ ಅವ್ವನಿಗೆ ನಮಸ್ಕಾರ ಮಾಡಿ, ಚಹಾ ಬಂತೇ ಎಂದು ಕೇಳಿದರು.

ಆ ಸೀಸನ್ನಿನಲ್ಲಿ ಬಿಳಿ ಸೀರೆ ಎಲ್ಲ ಹೋಗಲಿಲ್ಲ. ಹನ್ನೆರಡರಲ್ಲಿ ಮೂರು ಉಳಿದವು, ಅದರಲ್ಲಿ ಒಂದು ನೂಲು ಎಳೆದದ್ದು. ರಾಮದುರ್ಗದ ಕಡೆಯ ಒಬ್ಬ ತಂದೆ ಕೌಂಟರಿಗೆ ಬಂದು, ಔಷಧಿ ಕೇಳುವವರಂತೆ ದನಿ ತಗ್ಗಿಸಿ, “ಅಕ್ಕಾರ, ಬಿಳೇವು ಅದಾವಂತ ಕೇಳೇನಿ, ಮದುವಿಗಿ,” ಎಂದಿದ್ದ. ಒಂಬತ್ತು ಹೋಗಿದ್ದವಲ್ಲ, ಮುಂದಿನ ಪಟ್ಟಿಯನ್ನೂ ನಾನೇ ಬರೆದೆ.

ಆದರೆ ನಾನು ಹೇಳಬೇಕಿದ್ದುದು ಆ ದಿನದ ಕೊನೆ. ಬಸ್ತಾ ಮುಗಿಯಿತು, ಗಂಟು ಕಟ್ಟಿದ್ದಾಯಿತು. ಕಟಕೋಳದವರ ಟೆಂಪೋದವನು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದ. ಅಜ್ಜಿ ಎಲೆಚೀಲ ಕಟ್ಟಿಕೊಂಡು ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಲಿಫ್ಟಿನ ಕಡೆ ಹೋದರು. ಅವ್ವ ಏಳಲಿಲ್ಲ. ಅಜ್ಜಿ ಬಿಟ್ಟ ಲೋಡನ್ನು ತನ್ನ ಬೆನ್ನಿಗೆ ಎಳೆದುಕೊಂಡಿದ್ದಳು.

“ನಡಿ ಬೇ, ಎಲ್ಲಾರೂ ಹೊಂಟ್ರು,” ಎಂದೆ.

“ಹೋಗಲಿ. ನಮ್ಮ ಬಸ್ ಇನ್ನೂ ತಡಾ ಐತಿ.” ಕಾಕಾ ಬಿಚ್ಚಿದ ಸೀರೆಗಳನ್ನು ಮಡಿಚುತ್ತಿದ್ದರು. ಅವ್ವ ಅವರ ಹಿಂದಿನ ರ್‍ಯಾಕಿನತ್ತ ಗಲ್ಲ ಎತ್ತಿ ತೋರಿಸಿದಳು. “ಆ ಹಸರ ಸೀರಿ ತಗೀರಿ ಇತ್ತಾಗ.”

“ಯಾರಿಗ್ರಿ ಅವ್ವಾರ, ಆಹೇರಿಗೇನು?”

“ಯಾರಿಗೂ ಅಲ್ರಿ. ಬಿಚ್ಚಿ ತೋರಸ್ರಿ. ಒಯ್ಯೂದಿಲ್ಲ, ನೋಡತೇನಿ.”

ಕಾಕಾ ಹಸಿರು ಸೀರೆಯನ್ನು ತೆಗೆದು ಝಾಡಿಸಿದರು. ಅವ್ವ ನನ್ನತ್ತ ತಿರುಗಿ, ಇನ್ನೊಂದು ಚಹಾ ಹೇಳು ಎಂದಳು.